ನನ್ನ ಗಾಡಿಯ ಬಿಕ್ಕಳಿಕೆಗೊಂದು ಟ್ಯೂನರ್

ಕೊಳ್ಳುವುದರಲ್ಲಿ ಅಂಥ ಸುಖವಿಲ್ಲ, ಸುಖವೆಲ್ಲ ಇರುವುದು ಆರಿಸುವುದರಲ್ಲಿ. ಇದು ಹೆಂಗಸರಿಗೆ ಮೊದಲಿನಿಂದಲೂ ಗೊತ್ತು. ಅಂಗಡಿಯ ಕಪಾಟನ್ನೆಲ್ಲ ಕೆಳಗಿಳಿಸಿ, ಕೊನೆಗೆ ಮೊದಲು ನೋಡಿದ ಸೀರೆಯನ್ನೇ ಹಿಡಿದು ಎದ್ದಾಗ ಅವರ ಮುಖದಲ್ಲಿ ಕಾಣುವ ತೃಪ್ತಿ ಸುಮ್ಮನೆ ಬಂದದ್ದಲ್ಲ. ನನಗೆ ಇದು ತಿಳಿದದ್ದು ಈಚೆಗೆ, ನನ್ನ ಮೋಟರ್ ಸೈಕಲ್ಲಿಗೆ ಒಂದು ಎಲೆಕ್ಟ್ರಾನಿಕ್ ಫ್ಯೂಯಲ್ ಟ್ಯೂನರ್ ಆರಿಸಲು ಕೂತಾಗ. ಆ ದಿನಗಳಲ್ಲಿ ಊಟ ರುಚಿಸಲಿಲ್ಲ ಎಂದರೆ ಸುಳ್ಳಾದೀತು. ತಿನ್ನುತ್ತಿರುವುದು ಏನೆಂಬುದೇ ತಿಳಿಯುತ್ತಿರಲಿಲ್ಲ. ಒಮ್ಮೆ ಪುಂಡಿ ಸೊಪ್ಪಿನ ಪಲ್ಯ ತಿಂದು, ಬದನೆಕಾಯಿ ಭಾರಿ ಚೆನ್ನಾಗಿದೆ ಎಂದು ಹೊಗಳಿ ಮನೆಯಲ್ಲಿ ಬೈಸಿಕೊಂಡೆ.

ನಾನು ಮಸ್ಕಿಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ನನ್ನ ಗಾಡಿಗೆ ಒಂದು ವಿಚಿತ್ರ ರೋಗವಿತ್ತು. ನೆಟ್ಟಗೆ ಹೋಗುತ್ತಿರುವಾಗಲೇ ತಟಕ್ಕನೆ ಮುಂದಕ್ಕೆ ನೆಗೆಯುತ್ತಿತ್ತು, ಮರುಗಳಿಗೆ ಹಗ್ಗ ಹಿಡಿದು ಜಗ್ಗಿದಂತೆ ಹಿಂದಕ್ಕೆ ಎಳೆಯುತ್ತಿತ್ತು. ಒಟ್ಟಿನಲ್ಲಿ ಅದಕ್ಕೆ ಬಿಕ್ಕಳಿಕೆ. ನಾನೊಬ್ಬನೇ ಹೋಗುವಾಗ ಅಷ್ಟಾಗಿ ಕಾಣುತ್ತಿರಲಿಲ್ಲ. ಹೆಂಡತಿ ಶರಣಮ್ಮ ಹಿಂದೆ ಕೂತಳೆಂದರೆ ಶುರು. "ಭಾರ ಹೆಚ್ಚಾದಾಗ ಇಂಜಿನ್ನಿಗೆ ಪೆಟ್ರೋಲ್ ಸಾಲುವುದಿಲ್ಲ" ಎಂದು ವಿಜ್ಞಾನದ ದೃಷ್ಟಿಯಿಂದ ಹೇಳಿದೆ. ಮಾತು ಬಾಯಿಂದ ಹೊರಟ ಮೇಲೆ ಅದರ ಇನ್ನೊಂದು ದೃಷ್ಟಿ ಹೊಳೆಯಿತು, ಅಷ್ಟರಲ್ಲಿ ಕಾಲ ಮಿಂಚಿತ್ತು.

ಒಂದು ದಿನ ಲಿಂಗಸುಗೂರಿನಿಂದ ಬರುವಾಗ ಅವಳ ಹಣೆ ನನ್ನ ಹೆಲ್ಮೆಟ್ಟಿಗೆ ಬಡಿಯಿತು. ಮನೆ ಮುಂದೆ ಇಳಿದವಳೇ, "ಇನ್ ಮ್ಯಾಲೆ ಈ ಗಾಡಿ ನಾ ಹತ್ತಂಗಿಲ್ರಿ. ಬಸ್ಸಿಗಿ ಹೋಗ್ತೀನಿ, ನೀವು ಬೇಕಾದ್ರ ಹಿಂದ ಬರ್ರಿ" ಎಂದಳು. ಹಾಗೆಯೇ ಮಾಡಿದಳು. ಸಿಂಧನೂರಿಗೆ ಬಟ್ಟೆ ತರಲು ಅವಳು ಬಸ್ಸಿನಲ್ಲಿ, ನಾನು ಆ ಬಸ್ಸಿನ ಹೊಗೆಯಲ್ಲಿ. ಗಂಡ ಹೆಂಡತಿ ಒಂದೇ ಮನೆಯಿಂದ ಹೊರಟು ಒಂದೇ ಅಂಗಡಿಗೆ ಬೇರೆ ಬೇರೆಯಾಗಿ ಹೋದರೆ ನಮ್ಮ ಕಡೆ ಅದು ಸಣ್ಣ ಸುದ್ದಿಯಲ್ಲ. ಸಂಜೆಯೊಳಗೆ ಮುದಗಲ್ಲಿನಿಂದ ಅತ್ತೆಯ ಫೋನು: "ಅಳಿಯಂದ್ರ, ಮನ್ಯಾಗ ಎಲ್ಲಾ ಚೊಲೊ ಐತಿಲ್ರಿ?" ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಅಲ್ಲಿ ನನ್ನ ನಾದಿನಿಯ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಆ ಕಾರ್ಯಕ್ಕೆ ಬಳಗವೆಲ್ಲ ಸೇರುತ್ತದೆ. ಅಲ್ಲಿಗೂ ನಾವು ಹೀಗೆಯೇ ಹೋದರೆ ಆ ದಿನ ಉಡಿ ತುಂಬುವುದಕ್ಕಿಂತ ಹೆಚ್ಚಾಗಿ ನಮ್ಮ ಸಂಸಾರದ ಪಂಚಾಯಿತಿಯೇ ನಡೆಯುವುದು ಖಂಡಿತ. ಜನರ ಮಾತು ಹಾಗಿರಲಿ, ಹಿಂದಿನ ಸೀಟು ಖಾಲಿಯಾಗಿರುವುದೇ ನನಗೆ ಸಂಕಟವಾಗಿತ್ತು. ಭುಜದ ಮೇಲೆ ಅವಳ ಕೈ ಇಲ್ಲದೆ ಗಾಡಿ ಓಡಿಸುವುದು ನನಗೆ ಅಭ್ಯಾಸವಿಲ್ಲ.

ಆಗ ಸಿಕ್ಕಿದ್ದು ಟ್ಯೂನರ್ ಎಂಬ ಸಂಜೀವಿನಿ. ಈಗಿನ ಗಾಡಿಗಳಲ್ಲಿ ಇಂಜೆಕ್ಟರ್ ಎಂಬ ಸಣ್ಣ ನಳಿಕೆಯಿಂದ ಪೆಟ್ರೋಲ್ ಎಷ್ಟು ಬಿಡಬೇಕೆಂದು ಒಂದು ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದಂತೆ. ಅದು ಒಗ್ಗರಣೆಗೆ ಎಣ್ಣೆ ಅಳೆದು ಹಾಕುವ ಜಿಪುಣ ಕೈ. ಅದರ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಗಾತ್ರದ ಈ ಟ್ಯೂನರ್ ಕೂತು, "ಇನ್ನೊಂದು ಚಮಚ ಹಾಕು, ಏನೂ ಆಗುವುದಿಲ್ಲ" ಎಂದು ಒಪ್ಪಿಸುತ್ತದೆ. ಇದನ್ನು ಓದಿದ ದಿನವೇ ನನಗೆ ಕುಣಿಯುವಂತಾಯಿತು. ಮೊಬೈಲಿನಲ್ಲಿ ಎಷ್ಟು ವಿಡಿಯೋ ನೋಡಿದೆನೆಂದರೆ ತರಗತಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಪಾಠ ಮಾಡುತ್ತ, "ತೂಬಿನ ಬಳಿ ಒಂದು ಇಂಜೆಕ್ಟರ್ ಇರುತ್ತದೆ" ಎಂದುಬಿಟ್ಟೆ. ಮಕ್ಕಳು ಬರೆದುಕೊಂಡರು.

ಮೊದಲು ಸಿಂಧನೂರಿಗೆ ಹೋದೆ. ಅಲ್ಲಿ ಬಿಡಿಭಾಗಗಳ ಅಂಗಡಿಯ ವೆಂಕಟರಾವ್ ಎರಡು ಡಬ್ಬಿ ಮುಂದಿಟ್ಟರು. ಒಂದಕ್ಕೆ ತಿರುಗಿಸುವ ಗುಂಡಿ ಮಾತ್ರ. ಇನ್ನೊಂದು ಬ್ಲೂಟೂತ್‌ನದು, ಗಾಡಿ ಓಡುವಾಗ ಇಂಜಿನ್ನು, ಪೆಟ್ರೋಲು, ಎಕ್ಸಲೇಟರ್ ಎಲ್ಲದರ ಸ್ಥಿತಿಯೂ ಗೆರೆಗೆರೆಯಾಗಿ ಮೊಬೈಲಿನಲ್ಲಿ ಮೂಡುತ್ತದೆ. "ಮಾಸ್ಟಾರೂ, ಇದು ಹಾಕಿಸ್ಕೊಂಡ್ರೆ ದಢೇಸುಗೂರು ಕೆನಾಲಿಗೆ ನೀರು ಬಿಟ್ಟಂಗೆ ಹೋಗ್ತದಂಡಿ!" ಎಂದರು ರಾವ್, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ. ಆ ಗೆರೆಗಳನ್ನು ಕಂಡ ಕೂಡಲೇ ನನ್ನ ಮನಸ್ಸು ಜಾರಿತು. ಆದರೆ ಲಿಂಗಸುಗೂರಿನ ಮೆಕ್ಯಾನಿಕ್ ಖಾಸಿಂಸಾಬ್ ತಣ್ಣೀರೆರಚಿದ. "ಸರ್, ಗುಂಡಿದೇ ಬೆಸ್ಟ್ ನೋಡ್ರಿ. ತಿರುವಿದ್ರಿ, ಮುಗೀತು. ಮೊಬೈಲಿಂದು ಹಾಕಿದ್ರ ಅದ್ರಾಗ ನಿಮ್ಮ ಎಲ್ಲಾ ಹಕೀಕತ್ ಕಾಣತೈತ್ರಿ. ಯಾಕ್ ಬೇಕ್ರಿ?" ಅಂದ. ಅಭಿಪ್ರಾಯ ಕೇಳುವುದು ನನಗೆ ಒಂದು ಚಟ. ಕೇಳಿದಷ್ಟೂ ಖುಷಿ, ಖುಷಿಯಾದಷ್ಟೂ ಗೊಂದಲ. ಮನೆಯಲ್ಲಿ ನಾನು ಗುಂಡಿ, ಬ್ಲೂಟೂತ್ ಎಂದು ಗೊಣಗುತ್ತಿರುವುದು ಕೇಳಿ ಕೇಳಿ ಅವ್ವ ರೋಸಿಹೋದಳು. "ಲೇ ತಮ್ಮಾ, ದೇವರಿಗೇ ಕೇಳಿಬಿಡೂನು ಬಾ" ಎಂದಳು.

ನಮ್ಮ ಮನೆಯಲ್ಲಿ ಎಲ್ಲ ದೊಡ್ಡ ತೀರ್ಮಾನಗಳೂ ಹೀಗೆಯೇ ಆಗಿವೆ. ಲಿಂಗದ ಬಲಕ್ಕೊಂದು, ಎಡಕ್ಕೊಂದು ಹೂವಿನ ಎಸಳನ್ನು ನೀರಲ್ಲಿ ಅದ್ದಿ ಅಂಟಿಸುವುದು, ಕಣ್ಣು ಮುಚ್ಚಿ ಕೂರುವುದು. ಯಾವುದು ಮೊದಲು ಬೀಳುತ್ತದೋ ಅದು ದೇವರ ಪ್ರಸಾದ. ಎಮ್ಮೆ ಕೊಂಡದ್ದು, ಬೋರು ಹಾಕಿಸಿದ್ದು ಎಲ್ಲ ಹೂವಿನ ಮಾತಿನಂತೆಯೇ. "ನಿನ್ನ ಹೇಣ್ತಿನ್ನ ಆರಿಸಿದ್ದೂ ಹಿಂಗs ಅಲ್ಲೇನು? ಬಲಕ್ಕ ಬಿತ್ತು" ಎಂದಳು ಅವ್ವ. ಒಲೆಯ ಮುಂದಿದ್ದ ಶರಣಮ್ಮ ತಟ್ಟನೆ ತಿರುಗಿ, "ಅತ್ತೀ, ಎಡಕ್ಕ ಯಾರನ್ನ ಇಟ್ಟಿದ್ರಿ?" ಎಂದು ಕೇಳಿದಳು. ಅವ್ವನಿಗೆ ಒಮ್ಮೆಲೇ ಕಿವಿ ಕೇಳದಂತಾಯಿತು.

ಬಲಕ್ಕೆ ಬ್ಲೂಟೂತ್, ಎಡಕ್ಕೆ ಗುಂಡಿ ಎಂದು ದೇವರಿಗೆ ಬಿಡಿಸಿ ಹೇಳಿದೆ. ಎಸಳುಗಳು ಅಂಟಿ ಕೂತವು, ಬೀಳುವ ಲಕ್ಷಣವೇ ಇಲ್ಲ. ನನಗೋ ಅವಸರ. ಅಮಾವಾಸ್ಯೆಗೆ ಗಾಡಿ ಪೂಜೆ, ಅಷ್ಟರೊಳಗೆ ಡಬ್ಬಿ ಕೂರಬೇಕು. ಮೆಲ್ಲಗೆ ಎದ್ದು ಬಲಗಡೆಯ ಟೇಬಲ್ ಫ್ಯಾನಿನ ಗುಂಡಿ ಒತ್ತಿದೆ. ಅವ್ವ ಮುಚ್ಚಿದ ಕಣ್ಣಲ್ಲೇ, "ದೇವರಿಗಿ ಶೆಕಿ ಆಗಂಗಿಲ್ಲ, ಬಂದ್ ಮಾಡು" ಎಂದಳು. ಬಂದ್ ಮಾಡಿದೆ, ಆದರೆ ರೆಕ್ಕೆ ನಿಲ್ಲುವುದಕ್ಕೆ ಮೊದಲೇ ಬಲಗಡೆಯ ಎಸಳು ಉದುರಿತು. ಅವ್ವ ಕೈ ಮುಗಿದಳು. ನಾನೂ ಮುಗಿದೆ, ಸ್ವಲ್ಪ ಹೆಚ್ಚು ಹೊತ್ತು.

ಖಾಸಿಂಸಾಬ್ ಡಬ್ಬಿ ಕೂರಿಸಿದ, ಒಂದು ಸುತ್ತು ಹೊಡೆದು ಬಂದು "ಏನೂ ತಕರಾರಿಲ್ರಿ" ಎಂದ. ನಾನೂ ಒಬ್ಬನೇ ಗುರುಗುಂಟಾದ ತನಕ ಹೋಗಿ ಬಂದೆ, ಗಾಡಿ ಬೆಣ್ಣೆ! ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ನಗುತ್ತಿದ್ದೆ. ಕುಬಸದ ದಿನ ಶರಣಮ್ಮನ ಮುಂದೆ ಗಾಡಿ ನಿಲ್ಲಿಸಿ, ಅವಳ ಕೈಗೆ ಮೊಬೈಲ್ ಕೊಟ್ಟು, "ಹಿಂದೆ ಕೂತು ಆ ಹಸಿರು ಗೆರೆ ನೋಡುತ್ತಿರು, ನನ್ನ ಮಾತು ನಂಬಬೇಡ" ಎಂದೆ. ಅನುಮಾನದಿಂದಲೇ ಹತ್ತಿದಳು. ಅವಳ ಕೈ ಭುಜದ ಮೇಲೆ ಬಂದಾಗ ನನಗಾದ ಹಿಗ್ಗು ಹೇಳತೀರದು.

ಮಸ್ಕಿಯ ಬೆಟ್ಟ ಕಂಡಿತು. ಅಶೋಕನ ಹೆಸರು ಕೊರೆದ ಶಾಸನ ಇರುವ ಊರಿನ ಮೇಷ್ಟ್ರು ನಾನು. ಆ ಬೆಟ್ಟ ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ಕಳಿಂಗಕ್ಕೆ ಸೈನ್ಯ ಹೊರಡಿಸಿದೆ. ಗಾಡಿ ನೆಗೆಯಿತು. ರಣರಂಗ ಕಂಡು ಅಶೋಕ ಮರುಗಿದ, ಗಾಡಿ ಹಿಂದಕ್ಕೆ ಜಗ್ಗಿತು. ನನ್ನ ಎದೆ ಒಡೆದುಹೋಯಿತು. ಅಷ್ಟು ಆರಿಸಿ, ದೇವರನ್ನೂ ಕೇಳಿ ತಂದದ್ದು!

"ಒಂದ್ ಗಳಿಗಿ ಸುಮ್ನಿರ್ರಿ" ಎಂದಳು ಹಿಂದಿನಿಂದ. ಸುಮ್ಮನಾದೆ. "ಹ್ಞಾಂ, ಈಗ ಹೇಳ್ರಿ." ಹೇಳಿದೆ. "ಮತ್ತ ಸುಮ್ನಾಗ್ರಿ." ಆದೆ. ಆಮೇಲೆ ಬೆನ್ನ ಹಿಂದೆ ನಗು ಶುರುವಾಯಿತು. ಎಂಥ ನಗುವೆಂದರೆ ಗಾಡಿ ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಮೊಬೈಲನ್ನು ನನ್ನ ಮೂಗಿಗೆ ಹಿಡಿದಳು. "ಇದು ನಿಮ್ಮ ಎಕ್ಸಲೇಟರಿನ ಗೆರಿ ಹೌದಿಲ್ರಿ? ನೋಡ್ರಿಲ್ಲಿ. ಯುದ್ಧ ಬಂತಂದ್ರ ಕೈ ತಿರುವ್ತೀರಿ, ಪಶ್ಚಾತ್ತಾಪ ಬಂತಂದ್ರ ಬಿಡ್ತೀರಿ. ಇಂಜಿನ್ ಏನ್ ಮಾಡೀತ್ರಿ ಪಾಪ! ನೀವು ಪಾಠ ಹೇಳ್ತೀರಿ, ಅದು ಕೇಳ್ತೈತಿ."

ಗೆರೆ ಸುಳ್ಳು ಹೇಳುವಂತಿರಲಿಲ್ಲ. ಅಷ್ಟು ನಿಖರವಾದ ಡಬ್ಬಿಯನ್ನು ಹಟ ಹಿಡಿದು, ಫ್ಯಾನು ಹಾಕಿ ಆರಿಸಿದವನು ನಾನೇ.

ಮುದಗಲ್ಲಿನವರೆಗೆ ತುಟಿ ಬಿಚ್ಚಲಿಲ್ಲ. ಗಾಡಿ ಒಮ್ಮೆಯೂ ಬಿಕ್ಕಲಿಲ್ಲ. ಇಬ್ಬರೂ ಒಂದೇ ಗಾಡಿಯಿಂದ ಇಳಿದದ್ದನ್ನು ಅತ್ತೆ ಬಾಗಿಲಲ್ಲೇ ನಿಂತು ಕಣ್ತುಂಬ ನೋಡಿದರು. ಮರಳಿ ಬರುವಾಗಲೂ ನಾನು ಮೌನಿ; ಅವಳು ಮಾತ್ರ ದಾರಿಯುದ್ದಕ್ಕೂ ತಂಗಿಯ ಸೀರೆ, ಚಿಗವ್ವನ ಸಿಟ್ಟು, ಹೋಳಿಗೆಗೆ ಬೆಲ್ಲ ಕಡಿಮೆಯಾದದ್ದು ಎಲ್ಲ ಹೇಳಿದಳು. ಲಿಂಗಸುಗೂರು ದಾಟಿದ ಮೇಲೆ ಭುಜ ತಟ್ಟಿದಳು.

"ಅಲ್ರಿ, ಆಮ್ಯಾಲೆ ಅಶೋಕ ಏನ್ ಮಾಡಿದ? ಯಾವತ್ತೂ ಅಲ್ಲಿಗಿ ಬರೂದ್ರಾಗ ನಾ ಬೀಳ್ತೀನೇನೋ ಅನ್ನೂ ಅಂಜಿಕ್ಯಾಗs ಇರ್ತಿದ್ದೆ. ಪೂರಾ ಕೇಳೇ ಇಲ್ಲ."

ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ಇಂಜಿನ್ ಬಂದ್ ಮಾಡಿದೆ, ಕೀಲಿ ತೆಗೆದು ಅವಳ ಕೈಗೇ ಕೊಟ್ಟೆ. ಆಮೇಲೆ ಎರಡೂ ಕೈ ಬೀಸಿ ಬೀಸಿ, ಹೊತ್ತು ಮುಳುಗುವ ತನಕ ಹೇಳಿದೆ.