ಹಮ್ಮಿಗಿ ಗಾಡಿಯ ನಡುಕ

ಒಬ್ಬನ ಇರೋ ಮನಶಾನ ಬಾಳೇದಾಗ ನಗೂವಂಥ ಪ್ರಸಂಗ ಕಡಿಮಿ ಅಂತ ತಿಳೀಬ್ಯಾಡ್ರಿ. ಎಲ್ಲಾರಿಗೂ ಆದಷ್ಟ ಆಗತಾವ. ತೊಂದ್ರಿ ಏನಂದ್ರ, ಆದಾಗ ಮಗ್ಗಲಕ ಯಾರೂ ಇರೂದಿಲ್ಲ. ಒಬ್ಬನ ಕುಂತು ನಕ್ರ ಓಣಿಯವರು ಬ್ಯಾರೆ ಅರ್ಥ ಮಾಡ್ಕೋತಾರ. ಹಿಂಗಾಗಿ ನಂದು ಎಷ್ಟೋ ವರ್ಷದ ನಗಿ ಹಂಗ ಉಳಕೊಂಡೈತಿ. ಅದನ್ನ ಇವತ್ತ ನಿಮ್ಮ ಮುಂದ ನಕ್ಕು ಮುಗಸ್ತೀನಿ.

ಗದಗ-ಬೆಟಗೇರಿಯೊಳಗ ತಗಡಿನ ಮಾಡಿನ ಕೆಳಗ ನಂದೊಂದು ಮೋಟಾರ್ ಗ್ಯಾರೇಜ್ ಇತ್ತು. ಹಿಂದಿನ ಖೋಲಿನ ನನ್ನ ಮನಿ. ಹೆಂಡ್ತಿ ಮದವ್ಯಾಗಿ ವರ್ಷ ತುಂಬೂದ್ರೊಳಗ ತೀರಿಕೊಂಡ್ಲು. ಮತ್ತೊಂದು ಮದವಿಗೆ ಮನಸ್ಸು ಒಪ್ಪಲಿಲ್ಲ. ನನಗ ಯಾರ ಜೋಡಿಯರ ಮಾತಾಡಬೇಕಂದ್ರ ಗಿರಾಕಿ ಬರಬೇಕು, ಗಿರಾಕಿ ಬರಬೇಕಂದ್ರ ಗಾಡಿ ಕೆಡಬೇಕು. ಆಗಿನ ಕಾಲಕ್ಕ ನಮ್ಮ ಕಡೆ ಮೋಟಾರ್ ಗಾಡಿನ ಅಲ್ಲೊಂದು ಇಲ್ಲೊಂದು. ಕೆಟ್ಟ ಗಾಡಿ ರಿಪೇರಿ ಮಾಡಿ ಕಳಿಸಿದ ದಿನ ಗ್ಯಾರೇಜ್ ಎಷ್ಟು ಖಾಲಿ ಅನಸತಿತ್ತಂದ್ರ, ರಿಪೇರಿ ಯಾಕರ ಮಾಡಿದೆ ಅನಸ್ತಿತ್ತು.

ದೊರಿ ಬಿಟ್ಟು ಹೋದ ಗಾಡಿ

ಸ್ವರಾಜ್ಯ ಬಂದ ಹೊಸತರಾಗ ಹೊಳಿ ದಂಡಿ ಹಮ್ಮಿಗಿ ಊರಿನ ಸಾವ್ಕಾರ್ರು ಒಂದು ಮೋಟಾರ್ ತಗೊಂಡ್ರು. ವಿಲಾಯತಿಗೆ ಹೊಂಟು ನಿಂತ ಬಿಳಿ ಸಾಹೇಬನ ಕಡೆಯಿಂದ ತಗೊಂಡದ್ದು. ಮ್ಯಾಲೆ ಮಡಚೂವಂಥ ಬಟ್ಟಿ ಮಾಡು, ಮುಂದ ಹಿತ್ತಾಳಿ ಹಾರ್ನು, ಭಾರೀ ಠೀವಿ. ಆದ್ರ ಬ್ರೇಕ್ ಒತ್ತಿದ್ರ ಸಾಕು, ಚಳಿಜ್ವರ ಬಂದವರಂಗ ಗಡಗಡಗಡ ನಡುಗೂದು.

ಸಾವ್ಕಾರ್ರು ಡ್ರೈವರನ ಜೋಡಿ ನನ್ನ ಗ್ಯಾರೇಜಿಗೆ ಬಂದ್ರು. ಡ್ರೈವರ್ ಗಾಡಿ ಇಳದವನ, "ಮಿಸ್ತ್ರಿ, ಇದಕ್ಕ ರಿಪೇರಿ ಇಲ್ಲ ಬಿಡ್ರಿ. ದೊರಿ ಹೋದ ಅಂತ ಹೆದರೇತಿ," ಅಂದ.

ನಾನು ಗಾಲಿ ಎತ್ತಿ ನಿಲ್ಲಿಸಿ ಕೈಲೆ ತಿರುವಿ ನೋಡಿದೆ. ಗಾಲಿಯೊಳಗ ಬೀಡು ಕಬ್ಬಿಣದ್ದೊಂದು ದುಂಡನ್ನ ಡ್ರಮ್ಮು ಇರತೈತಿ. ಬ್ರೇಕ್ ಒತ್ತಿದಾಗ ಪಟ್ಟಿ ಹೋಗಿ ಅದನ್ನ ಅವಚಿ ಹಿಡದ್ರ ಗಾಡಿ ನಿಲ್ಲತೈತಿ. ಈ ಡ್ರಮ್ಮು ಒಂದು ಕಡೆ ಪಟ್ಟಿಗೆ ಉಜ್ಜತಿತ್ತು, ಇನ್ನೊಂದು ಕಡೆ ಸಡ್ಲ ಇತ್ತು. ಅಂದ್ರ ದುಂಡಗ ಉಳದಿಲ್ಲ, ಸೊಟ್ಟಾಗೇತಿ. ಹತ್ತಿ ಜಿನ್ನಿಂಗ್ ಫ್ಯಾಕ್ಟರ್ಯಾಗ ಕಬ್ಬಿಣ ತಿರುವಿ ಕೆರೆಯೂವಂಥ ಲೇಥ್ ಮಷೀನ್ ಇತ್ತು, ಅದಕ್ಕ ಕೂಡ್ಸಿ ದುಂಡಗ ಸವರಿಸಿಕೊಂಡು ಬಂದೆ. ಹರ್ತಿ ಊರ ಮಟಾ ಓಡಿಸಿ ಬ್ರೇಕ್ ಒತ್ತಿದೆ. ಬೆಣ್ಣಿ ಮ್ಯಾಲೆ ಕೈಯಾಡಿಸಿದಂಗ ನಿಂತ್ತು.

ಸಾವ್ಕಾರ್ರು ಖುಷಿಯಾದ್ರು. ಡ್ರೈವರಗ, "ನೋಡಲೇ, ದೊರಿ ಅಂದಿ. ಈಗೇನಂತಿ?" ಅಂದ್ರು.

ಡ್ರೈವರ್ ಗಾಡಿ ಸುತ್ತ ಒಂದು ಸುತ್ತು ಹಾಕಿ ಬಂದು ಅಂದ: "ಈಗ ಸ್ವರಾಜ್ಯ ರೂಢಿ ಆತು ಬಿಡ್ರಿ ಅದಕ್ಕ. ನಮಗ ಆಗಿಲ್ಲ, ಗಾಡಿಗೆ ಆತು."

ಕಷಾಯ

ರೂಢಿ ಆಗಿರಲಿಲ್ಲ. ಸ್ವಲ್ಪ ದಿನದಾಗ ಗಾಡಿ ಮತ್ತ ಬಂತು, ಮತ್ತ ಅದ ನಡುಕ. ಡ್ರಮ್ಮು ಮತ್ತ ಸೊಟ್ಟ. ಗಾಲಿ ಬೇರಿಂಗ್ ನೋಡಿದೆ, ಬರೋಬ್ಬರಿ ಇತ್ತು. ಪಟ್ಟಿ ಬದಲಿ ಮಾಡಿದೆ. ಗಾಲಿ ನಟ್ಟು ಒಂದು ಬಿಗಿ ಒಂದು ಸಡ್ಲ ಇದ್ರೂ ಡ್ರಮ್ಮು ಎಳಕೋತೈತಿ ಅಂತ ನಟ್ಟೆಲ್ಲಾ ಸಮ ಬಿಗದೆ. ಮತ್ತ ಸವರಿಸಿದೆ, ಕಳಿಸಿದೆ, ಮತ್ತ ಬಂತು.

ಖರೆ ಹೇಳಬೇಕಂದ್ರ, ಬಂದಾಗೆಲ್ಲಾ ನನಗ ಒಳಗೊಳಗ ಹಗುರ ಅನಸತಿತ್ತು. ಅದರ ಜೋಡಿ ಮಾತಾಡಿ ಮಾತಾಡಿ ಸಲಿಗಿ ಬೆಳದಿತ್ತು. ಆದ್ರ ಹೆಸರು ಕೆಡಾಕತ್ತಿತ್ತಲ್ಲ, ಸಿಟ್ಟೂ ಬರತಿತ್ತು. ಒಂದಿನ ಗಾಡಿ ಕೆಳಗ ಅಂಗಾತ ಮಲಗಿ ಬೈಯಾಕತ್ತಿದ್ದೆ: "ಎಷ್ಟ ಸಲ ಹೇಳಬೇಕ ನಿನಗ? ಕೇಳಿದ್ದೆಲ್ಲಾ ಕೊಟ್ಟೀನಿ. ಮತ್ಯಾಕ ಹಿಂಗ ಮೈ ನಡುಗಿಸ್ತಿ? ನನ್ನ ಮಾರಿ ನೋಡಿಯರ ಸುಮ್ಮನಾಗು."

ಹೊರಗ ಯಾರೋ ಕೆಮ್ಮಿದ್ರು. ಎದ್ದು ಬಂದು ನೋಡಿದ್ರ, ಓಣಿಗೆ ಹೊಸದಾಗಿ ಬಂದ ಸಾಲಿ ಮಾಸ್ತರು. ಸೈಕಲ್ಲಿಗೆ ಎಣ್ಣಿ ಹಾಕಿಸಾಕ ಬಂದವರು, ಗಂಡ ಹೆಂಡ್ತಿ ಮಾತಿನ ನಡುವ ಹೋಗಬಾರದಂತ ಬಿಸಿಲಾಗ ನಿಂತಿದ್ರು.

"ಮಿಸ್ತ್ರಿ, ನಿಮ್ಮ ಮನಿಯವರಿಗೆ ಭಾಳ ದಿನದಿಂದ ಆರಾಮಿಲ್ಲೇನ್ರಿ?" ಅಂತ ಸಣ್ಣ ದನಿಯೊಳಗ ಕೇಳಿದ್ರು.

ಇಲ್ರಿ, ಅದು ಗಾಡಿ ಅಂತ ಹೇಳಬೇಕಾಗಿತ್ತು. ಆದ್ರ ನನ್ನ ಮನ್ಯಾಗ ಒಬ್ಬಾಕಿ ಅದಾಳ ಅಂತ ತಿಳಕೊಂಡು ಒಬ್ಬ ಮನಶಾ ಬಿಸಿಲಾಗ ನಿಂತಾನ. ಬಾಯಿಗೆ ಬಂದ ಮಾತು ನುಂಗಿದೆ. "ಹೂಂ ರಿ, ನಡುಕ," ಅಂದೆ.

ಮರುದಿನ ಮಾಸ್ತರ ಮನಿಯಿಂದ ತಂಬಗಿ ತುಂಬ ಕಷಾಯ ಬಂತು. ಕುಡದವಗ ಗೊತ್ತು, ಅಷ್ಟು ಕಹಿ. ವಾರಗಟ್ಲೆ ಬಂತು. ನನಗ ಯಾವ ರೋಗಾನೂ ಇರಲಿಲ್ಲ, ಆದ್ರೂ ಒಂದು ಹನಿ ಬಿಡದ ಕುಡದೆ.

ತಲಿ ಬಾಗದವರು

ಕನ್ನಡ ನಾಡು ಒಂದಾಗಬೇಕು ಅಂತ ಊರೂರಾಗ ಸಭಾ, ಮೆರವಣಿಗಿ ನಡದ ದಿನ ಅವು. ನಮ್ಮ ಕಡೆಯವರು ಮುಂಬೈ ರಾಜ್ಯದೊಳಗ, ಹೊಳಿ ದಾಟಿದ್ರ ಮದ್ರಾಸ್ ರಾಜ್ಯ. ಹಮ್ಮಿಗಿ ಸಾವ್ಕಾರ್ರ ಅಳಿಯ ಹೊಳಿ ಆಚೆ. ಬೀಗರ ಮನಿಗೆ ಹೋಗಿ ಬರೂದಂದ್ರ ಪರರಾಜ್ಯಕ್ಕ ಹೋದಂಗ ಆಗತೈತಿ ಅಂತ ಅವರು ಚಳವಳಿಗೆ ಗಾಡಿನ ಕೊಟ್ಟಿದ್ರು.

ಲಕ್ಷ್ಮೇಶ್ವರದಾಗ ಮೆರವಣಿಗಿ. ನಾನೂ ಹೋಗಿದ್ದೆ. ಗದ್ಲದಾಗ ನಿಂತ್ರ ನಾ ಒಬ್ಬನ ಬಂದೀನಿ ಅಂತ ಯಾರಿಗೂ ಗೊತ್ತಾಗೂದಿಲ್ಲ. ಹಮ್ಮಿಗಿ ಗಾಡಿಯ ಬಟ್ಟಿ ಮಾಡು ಮಡಚಿ, ಅದರಾಗ ಮುಖಂಡರೊಬ್ಬರು ಎದ್ದು ನಿಂತು ಭಾಷಣ ಮಾಡಕೋತ ಬಂದ್ರು. ಭಾರೀ ದನಿ. "ಕನ್ನಡಿಗರು ಇನ್ನ ಮುಂಬೈಗೂ ತಲಿ ಬಾಗೂದಿಲ್ಲ, ಮದ್ರಾಸಿಗೂ ತಲಿ ಬಾಗೂದಿಲ್ಲ, ಯಾರಿಗೂ..."

ಅಷ್ಟರಾಗ ಒಂದು ಎಮ್ಮಿ ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ.

ಮುಖಂಡರು ಬಾಗಿದ್ರು. ಎದ್ರು, ಮತ್ತ ಬಾಗಿದ್ರು. ಗಾಡಿ ನಿಲ್ಲೂತನಕಾ ಎಡಕ್ಕ ಬಲಕ್ಕ ಬಾಗಕೋತನ ಇದ್ರು. ಕಡೀಕ ಬಾಗಿದ್ದು ಸರಿಯಾಗಿ ಎಮ್ಮಿಗೆ. ನನ್ನ ಮಗ್ಗಲಕ ನಿಂತ ಶಿರಹಟ್ಟಿ ಮುದುಕ ಕೈ ಮುಗದು, "ಇಷ್ಟ ದೊಡ್ಡಾವ್ರಾದ್ರೂ ಎಷ್ಟ ವಿನಯ ನೋಡ್ರಿ," ಅಂದ.

ನನಗ ನಗಿ ಬರಬೇಕಾಗಿತ್ತು. ಬರಲಿಲ್ಲ, ಯಾಕಂದ್ರ ಜನರ ತಲಿ ಮ್ಯಾಲಿಂದ ಸಾವ್ಕಾರ್ರು ನನ್ನನ್ನ ನೋಡಾಕತ್ತಿದ್ರು.

ಮೆರವಣಿಗಿ ಮುಗದ ಮ್ಯಾಲೆ ಬಂದು ಅಂದ್ರು: "ಮಿಸ್ತ್ರಿ, ಇದ ಕಡೀ ಸಲ. ಇನ್ನೊಮ್ಮೆ ನಡುಗಿತಂದ್ರ ಗಾಡಿ ಹುಬ್ಬಳ್ಳಿಗೆ. ನಿನ್ನ ಗ್ಯಾರೇಜಿನ ಕಡೆ ಹಾಯೂದಿಲ್ಲ."

ಸವರಿ ಸವರಿ ಡ್ರಮ್ಮು ತೆಳ್ಳಗಾಗಿತ್ತು, ಇನ್ನೊಂದು ಸಲ ಸವರಿದ್ರ ಮುಗೀತು, ಅದರ ಮ್ಯಾಲೆ ತಡಕೋತಿದ್ದಿಲ್ಲ. ಅದಕ್ಕಿಂತ ಹೆಚ್ಚಿಗೆ, ಆ ಗಾಡಿ ಬರೂದಿಲ್ಲಂದ್ರ ನನ್ನ ಬಾಗಲಕ್ಕ ಬರೂದು ಯಾರು?

ಕೇಳಲಾರದ ಪ್ರಶ್ನಿ

ಕಡೀ ಸಲ ಸವರಿಸಿ ಹಾಕಿದೆ. ಆದ್ರ ಗಾಡಿ ಒಬ್ಬಂಟಿ ಕಳಿಸಲಿಲ್ಲ, ನಾನೂ ಡ್ರೈವರನ ಮಗ್ಗಲಕ ಕುಂತೆ. ನನ್ನ ಕೈಯಾಗ ಸುದ್ದ ಇದ್ದದ್ದು ಹಮ್ಮಿಗಿಗೆ ಹೋದ್ರ ಸೊಟ್ಟ ಆಗತೈತಿ ಅಂದ್ರ, ಕೆಡೂದು ಅಲ್ಲೇ. ದಾರ್ಯಾಗ ಅವನಿಗೆ ಎಲ್ಲಾ ಕೇಳಿದೆ. ಕೈಬ್ರೇಕ್ ಎಳದು ಬಿಡ್ತೀ ಏನು? ಇಲ್ಲ. ಭಾರ ಹೇರ್ತೀರೇನು? ಇಲ್ಲ.

ಮುಂಡರಗಿ ದಾಟಿದ ಮ್ಯಾಲೆ ಹೊಳಿ ಕಡೆ ಇಳಜಾರು, ದಾರಿ ತುಂಬ ದನ, ಕುರಿ, ಚಕ್ಕಡಿ. ಹೆಜ್ಜೆಗೊಮ್ಮೆ ಬ್ರೇಕ್. ಹಮ್ಮಿಗಿ ಮುಟ್ಟೂದ್ರಾಗ ಗಾಲಿಯಿಂದ ಸುಟ್ಟ ವಾಸನಿ ಬರಾಕತ್ತಿತ್ತು. ಆದ್ರೂ ನಡುಕ ಇರಲಿಲ್ಲ.

ಗಾಡಿ ಸಾವ್ಕಾರ್ರ ಅಂಗಳದಾಗ ನಿಂತ್ತು. ಒಳಗಿಂದ ಸಾವ್ಕಾರ್ರ ತಾಯಿ, ಊರಿಗೆಲ್ಲಾ ಆಯಿ, ಟೊಂಕದ ಮ್ಯಾಲೆ ಕೊಡ ಇಟಗೊಂಡು ಬಂದ್ಲು. ನಮ್ಮ ಕಡೆ ನೋಡಲಿಲ್ಲ. ಸೀದಾ ಗಾಡಿ ಹಂತೇಲಿ ಹೋಗಿ ಹೊಳಿ ತಣ್ಣೀರು ಒಂದು ಗಾಲಿ ಮ್ಯಾಲೆ ಸುರುವಿದ್ಲು. ಚೊಂಯ್ ಅಂತ ಉಗಿ ಎದ್ದಿತು.

"ಆಯಿ, ಏನ ಮಾಡ್ತೀರಿ?" ಅಂತ ಓಡಿದೆ.

"ಗದಗದಿಂದ ದಣದು ಬಂದೈತಿ. ಕಾಲಿಗೆ ನೀರ ಕೊಡಬ್ಯಾಡೇನು?"

ಡ್ರೈವರನ ಕಡೆ ತಿರಗಿ, "ಇದನ್ನ ಯಾಕ ಹೇಳಲಿಲ್ಲಲೇ?" ಅಂದೆ.

"ನೀವು ಗಾಡಿ ಬಗ್ಗೆ ಕೇಳಿದ್ರಿ," ಅಂದ ಅವ. "ಮನಿಗೆ ಬಂದವರಿಗೆ ಕಾಲಿಗೆ ನೀರ ಕೊಡತೀರೇನು ಅಂತ ಯಾರರ ಕೇಳ್ತಾರೇನ್ರಿ?"

ಕೊಡದಾಗ ಉಳದ ನೀರು

ನಾನು ಆಯಿ ಮುಂದ ಕುಂತು ತಿಳಿಸಿ ಹೇಳಿದೆ. "ಆಯಿ, ಕಾದ ಹಂಚಿನ ಮ್ಯಾಲೆ ಕೊಡ ತಣ್ಣೀರ ಸುರುವತೀರೇನ್ರಿ?"

"ಹುಚ್ಚ ಅದೀ ಏನು? ಹಂಚು ಸೀಳಿ ಹೋಕ್ಕತಿ."

"ಇದರ ಗಾಲ್ಯಾಗ ಕಬ್ಬಿಣದ ಹಂಚು ಐತ್ರಿ. ಬ್ರೇಕ್ ಒತ್ತಿ ಒತ್ತಿ ಕಾದಿರತೈತಿ. ಸೀಳೂದಿಲ್ಲ, ಸೊಟ್ಟ ಆಗತೈತಿ. ಅದಕ್ಕ ನಡುಗತೈತಿ."

ಆಯಿ ಬಾಯಿ ಮ್ಯಾಲೆ ಕೈ ಇಟಗೊಂಡ್ಲು. ಸಾವ್ಕಾರ್ರು ನಕ್ರು, ಡ್ರೈವರ್ ನಕ್ಕ, ಒಳಗಿನ ಹೆಣ್ಣಮಕ್ಕಳೂ ನಕ್ರು. ನಾನೂ ನಕ್ಕೆ. ನಕ್ಕಾಗ ಮಗ್ಗಲಕ ಮಂದಿ ಇದ್ದದ್ದು ಎಷ್ಟೋ ವರ್ಷದ ಮ್ಯಾಲೆ ಅದ ಮೊದಲು.

"ಆತು, ಗಾಡಿಗೆ ಬ್ಯಾಡ. ಉಳದ ನೀರ ಚೆಲ್ಲಬೇಕೇನು ಮತ್ತ?" ಅಂದ್ಲು ಆಯಿ. "ನೀನೂ ದೂರದಿಂದ ಬಂದೀ. ಕಾಲ ಮುಂದ ಮಾಡು."

ಕಾಲ ಮುಂದ ಮಾಡಿದೆ. ನನಗ ಹಂಗ ಯಾರೂ ನೀರ ಕೊಟ್ಟಿದ್ದಿಲ್ಲ, ಹೆಂಡ್ತಿ ಹೋದ ಮ್ಯಾಲೆ. ಅಳು ಬಂತು. ಮಾರಿಗೂ ಒಂದೀಟು ನೀರ ಹಾಕ್ಕೊಂಡು ಮರಿಸಿದೆ. ಆಯಿ ನೋಡಿದ್ಲು. ಬಿಸಿ ರೊಟ್ಟಿ, ಎಣ್ಣಿಗಾಯಿ ಬಡಸಿ, ಮನ್ಯಾಗ ಯಾರ ಅದಾರ ಅಂತ ಕೇಳಿದ್ಲು. ಯಾರೂ ಇಲ್ರಿ ಅಂದೆ.

ಹೊಂಟಾಗ, "ಮತ್ತ ಯಾವಾಗ ಬರ್ತಿ?" ಅಂದ್ಲು.

"ಗಾಡಿ ಕೆಟ್ಟಾಗ ಬರ್ತೀನ್ರಿ ಆಯಿ."

"ಈಗ ಅದು ಕೆಡೂದಿಲ್ಲ ಅಂದೆಲ್ಲೋ."



ಜಲ್ದಿ ಬಾ

ಅವತ್ತ ನೀರ ಬಿದ್ದ ಗಾಲಿಗೆ ಮುಂಬೈಯಿಂದ ಹೊಸ ಡ್ರಮ್ಮು ತರಿಸಿ ಹಾಕಿದೆ, ಆಮ್ಯಾಲೆ ಗಾಡಿ ಕೆಡಲಿಲ್ಲ. ಸುಗ್ಗಿ ಮ್ಯಾಲೆ ಸುಗ್ಗಿ ಬಂತು, ಹೋತು. ನಾಡು ಒಂದಾತು, ಗದಗಿನ್ಯಾಗ ಪಟಾಕ್ಷಿ ಹಾರಿಸಿದ್ರು. ಹೊಳಿ ಆಚೆಯವರೂ ಈಚೆಯವರೂ ಒಂದ ರಾಜ್ಯದವರಾದ್ರು. ನಾನು ಗ್ಯಾರೇಜಿನ್ಯಾಗ ಒಬ್ಬನ ಕುಂತಿದ್ದೆ. ಒಮ್ಮೊಮ್ಮೆ ಹಮ್ಮಿಗಿ ಗಾಡಿ ಮುಂದಿನ ರಸ್ತೇಲೆ ಹಾಯತಿತ್ತು. ಡ್ರೈವರ್ ಹಾರ್ನ್ ಬಾರಿಸಿ ಕೈ ಮಾಡತಿದ್ದ. ಬ್ರೇಕ್ ಭಾಳ ಛಲೋ ಇದ್ದುವು. ಇಷ್ಟ ಛಲೋ ಕೆಲಸ ಮಾಡಿದ್ದಕ್ಕ ನನ್ನ ಮ್ಯಾಲೆ ನನಗ ಸಿಟ್ಟು ಬರತಿತ್ತು.

ಒಂದಿನ ಹಮ್ಮಿಗಿ ಕಡೆಯವನೊಬ್ಬ ಸಂತಿಗೆ ಬಂದವ ಖಬರ ತಂದ: "ಸಾವ್ಕಾರ್ರು ಪರ ಊರಿಗೆ ಹೋಗ್ಯಾರ. ಗಾಡಿ ನಡುಗಾಕತ್ತೈತಿ, ಮಿಸ್ತ್ರಿನ ಜಲ್ದಿ ಕಳಸು ಅಂತ ಆಯಿ ಹೇಳ್ಯಾಳ."

ಸಾಮಾನಿನ ಚೀಲ ಹೊತಗೊಂಡು ಮುಂಡರಗಿ ಬಸ್ ಹಿಡದೆ, ಅಲ್ಲಿಂದ ಚಕ್ಕಡಿ. ಗಾಡಿ ಕೊಟಗ್ಯಾಗ ನಿಂತಿತ್ತು, ಕೆಳಗ ನೆಲ ಎಲ್ಲಾ ರಾಡಿ. ಊರ ಸುತ್ತ ಒಂದು ಸುತ್ತು ಓಡಿಸಿ ಬ್ರೇಕ್ ಒತ್ತಿದೆ. ಬೆಣ್ಣಿ ಇದ್ದಂಗ ನಿಂತ್ತು. ಮತ್ತೊಮ್ಮೆ ಒತ್ತಿದೆ. ನಡುಕ ಎಲ್ಲೂ ಇಲ್ಲ.

"ಆಯಿ, ಗಾಡಿ ಸುದ್ದ ಐತಲ್ರಿ," ಅಂದೆ.

ಆಯಿಗೆ ಖರೇನ ಸಿಟ್ಟು ಬಂದಿತ್ತು. "ಅದನ್ನ ನಾನೂ ಕೇಳೂದು. ಕಾಲಿಗೆ ನೀರ ಹಾಕಿದ್ರ ಕೆಡತೈತಿ ಅಂತ ನೀನ ಹೇಳಿ ಹೋಗಿದ್ದಿ. ಕೆಟ್ರ ಬರ್ತೀನಿ ಅಂತನೂ ಅಂದಿದ್ದಿ. ಎಂಟ ದಿನಾತು, ನಾಕೂ ಗಾಲಿಗೆ ಕೊಡಗಟ್ಲೆ ಸುರುವಾಕತ್ತೀನಿ. ಟೊಂಕ ಹೋತು ನಂದು. ಒಂದ ಸಲಾನೂ ನಡುಗವಲ್ದು."

"ಗಾಡಿ ನಿಂತ ಐತ್ರಿ ಆಯಿ. ಕಾದಿರಬೇಕು, ಆವಾಗ ನೀರ ಹಾಕಿದ್ರ ಕೆಡತೈತಿ."

ಆಯಿ ಒಳಗ ಹೋಗಿ ಕೊಡ ತಂದು ನನ್ನ ಕಾಲಿನ ಮುಂದ ಬಗ್ಗಿಸಿದ್ಲು.

"ಅದನ್ನ ಅವತ್ತ ಸರ್ಯಾಗಿ ಹೇಳಬೇಕಿಲ್ಲೋ? ಎಷ್ಟು ನೀರು ವ್ಯರ್ಥ ಹೋತು. ಕಾಲ ತೊಳ್ಕೊ, ರೊಟ್ಟಿ ತಿನ್ನು. ಆಮ್ಯಾಲೆ ಡ್ರೈವರನ ಕರೀತೀನಿ, ಅವನ ಮುಂದ ಇಬ್ರಿಗೂ ಬರೋಬ್ಬರಿ ಹೇಳಿ ಹೋಗು. ಮುಂದಿನ ಸಲ ಕೆಡಿಸೂದ್ರಾಗ ತಪ್ಪಾಗಬಾರದು."