ಮ್ಯಾಕರೋನಿ ತಿಂದ ಮೇಲಿನ ಊಟ

ಸೋಮಾರಿತನ ಬೇರೆ, ದಣಿವು ಬೇರೆ. ಇದು ಶಬ್ದಕೋಶಕ್ಕೆ ಗೊತ್ತಿರುವ ಸಂಗತಿ, ಮನೆಗಳಿಗೆ ಗೊತ್ತಿಲ್ಲ. ಗಂಡಸು ಕೆಲಸದಿಂದ ಬಂದು ಜಗಲಿಯ ಬೆಂಚಿನಲ್ಲಿ ಕಾಲು ಚಾಚಿದರೆ ಅದಕ್ಕೆ ದಣಿವು ಎಂದು ಹೆಸರು; ಒಳಗಿನಿಂದ ಬೆಲ್ಲ, ನೀರು ಬರುತ್ತದೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಹೆಂಗಸು ಕುಳಿತರೆ, “ಮೈ ಸರಿ ಇಲ್ವಾ?” ಎಂದು ಕೇಳುತ್ತಾರೆ. ಜ್ವರ ಇದ್ದರೆ ಕುಳಿತಿರಬಹುದು, ಇಲ್ಲದಿದ್ದರೆ ಏಳಬೇಕು. ನಾನು ಆ ದಿನಗಳಲ್ಲಿ ಸಂಜೆ ಬಸ್ಸಿನಿಂದ ಇಳಿದು ಮನೆಯತ್ತ ನಡೆಯುವಾಗ, ದೇವರೇ, ಒಂದು ಸಣ್ಣ ಜ್ವರವನ್ನಾದರೂ ಕೊಡು ಎಂದು ಬೇಡಿಕೊಂಡದ್ದುಂಟು. ದೇವರು ನನಗೆ ಕೊಟ್ಟದ್ದು ಕಲ್ಲಿನಂಥ ಆರೋಗ್ಯ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ನರಿಮೊಗರಿನ ಕಡೆಯ ಒಂದು ಶಾಲೆಯಲ್ಲಿ ಟೀಚರು. ಮನೆ ಪುತ್ತೂರಿನಲ್ಲಿ, ಬಾಡಿಗೆಯದ್ದು. ಮನೆಯಲ್ಲಿ ನಾವು ನಾಲ್ಕು ಜನ: ನಾನು, ಸಹಕಾರಿ ಸಂಘವೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮವರು, ಅತ್ತೆ, ಮಾವ. ಮಾವ ಹುಟ್ಟೂರು ಅಜ್ಜಾವರದ ಬೇಸಾಯವನ್ನು ದೊಡ್ಡ ಮಗನಿಗೆ ಒಪ್ಪಿಸಿ ಪೇಟೆ ನೋಡಿಕೊಂಡಿರುತ್ತೇನೆ ಎಂದು ಬಂದವರು. ಜಗಲಿಯಲ್ಲಿ ಕುಳಿತು ನಿಜವಾಗಿಯೂ ಪೇಟೆಯನ್ನು ನೋಡುತ್ತಿದ್ದರು. ಮನೆಯೊಳಗೆ ನಮ್ಮದು ಅರೆಭಾಷೆ. ನಿಮಗೆ ಕಷ್ಟವಾಗಬಾರದೆಂದು ಕನ್ನಡದಲ್ಲೇ ಹೇಳುತ್ತಿದ್ದೇನೆ. ಮದುವೆಯ ಮಾತುಕತೆಯಲ್ಲಿ ಮಾವ ನನ್ನ ಉದ್ಯೋಗಕ್ಕೆ ಅಡ್ಡಿ ಹೇಳಿರಲಿಲ್ಲ. ಒಂದೇ ಮಾತು ಕೇಳಿದ್ದರು: “ಶಾಲೆಗೆ ಹೋಗ್ಲಿ, ಅದಕ್ಕೇನು? ರಾತ್ರಿಯ ಊಟ ತಡ ಆಗ್ಬಾರ್ದು, ಅಷ್ಟೆ.” ನನ್ನ ತಂದೆ, ಹೆಣ್ಣು ಕೊಡುವ ಎಲ್ಲ ತಂದೆಯರಂತೆ, “ಛೆ ಛೆ, ತಡ ಹೇಗೆ ಆಗ್ತದೆ?” ಎಂದುಬಿಟ್ಟಿದ್ದರು.

ಅತ್ತೆ ಗಟ್ಟಿ ಇರುವಷ್ಟು ದಿನ ತಡ ಆಗಲೂ ಇಲ್ಲ. ಆ ವರ್ಷ ಬೇಸಿಗೆಯ ಆರಂಭದಲ್ಲಿ ಅವರು ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ನಾಟಿ ಮದ್ದಿನ ಪಂಡಿತರು ಸೊಪ್ಪು ಅರೆದು ಹಚ್ಚಿ, ಬಿದಿರಿನ ಸೀಳು ಇಟ್ಟು ಬಿಗಿದು ಕಟ್ಟಿದರು. ಅಲ್ಲಿಂದ ಅನ್ನದ ಮಡಕೆ ನನ್ನ ಪಾಲಿಗೆ ಬಂತು.

ಕುಚ್ಚಿಗೆ ಅಕ್ಕಿಯನ್ನು, ಅಂದರೆ ಭತ್ತವನ್ನೇ ಕುದಿಸಿ ಒಣಗಿಸಿ ಮಾಡಿದ ದಪ್ಪ ಅಕ್ಕಿಯನ್ನು, ಬೇಯಿಸಿ ಗೊತ್ತಿಲ್ಲದವರಿಗೆ ನನ್ನ ಕಷ್ಟ ಅರ್ಥವಾಗಲಾರದು. ಅದು ಬೇಯುವ ಅಕ್ಕಿಯಲ್ಲ, ಒಲಿಯುವ ಅಕ್ಕಿ. ಎಸರು ಕುದಿಯಬೇಕು, ಅಕ್ಕಿ ಹಾಕಬೇಕು, ಒಲೆಗೆ ತೆಂಗಿನ ಗೆರಟೆ, ಒಣಗಿದ ಮಡಲು, ಸೌದೆ ಒಂದಾದ ಮೇಲೊಂದು ಕೊಡಬೇಕು, ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪಾಗಬೇಕು. ಆಮೇಲೆ ಒಂದು ಅಗುಳು ತೆಗೆದು ಹಿಸುಕಿದರೆ ಅದು ಇನ್ನೂ ಕಲ್ಲು. ಕುದಿಸದ ಬಿಳಿ ಅಕ್ಕಿ, ಬೆಳ್ತಿಗೆಯಾದರೆ ಬೇಗ ಆಗುತ್ತದೆ ಎಂದು ಒಮ್ಮೆ ಹೇಳಿ ನೋಡಿದೆ. ಸೊಸೆಯನ್ನೂ ‘ಮಗ’ ಎಂದೇ ಕರೆಯುವ ಮಾವ ಶಾಂತವಾಗಿಯೇ ಉತ್ತರಿಸಿದರು: “ಬೆಳ್ತಿಗೆ ಅಂದ್ರೆ ನೆಂಟ್ರು, ಮಗ. ಬರುದೂ ಬೇಗ, ಹೋಗುದೂ ಬೇಗ. ಕುಚ್ಚಿಗೆ ಅಂದ್ರೆ ಮನೆಯವ್ರು. ಹೊಟ್ಟೆಯಲ್ಲಿ ಕೂತ್ಕೊಳ್ತದೆ.” ಮಧ್ಯಾಹ್ನದ್ದು ಇಟ್ಟುಕೊಂಡರೆ ಆಗದೇ ಎಂದರೆ, ಅದು ನೀರು ಹಾಕಿಟ್ಟು ಬೆಳಿಗ್ಗೆ ಉಣ್ಣಲಿಕ್ಕೆ ಇರುವುದಂತೆ. ರಾತ್ರಿ ಬಿಸಿ ಗಂಜಿಯೇ ಬೇಕು.

ಪರೀಕ್ಷೆಯ ಸಮಯ ಹತ್ತಿರ ಬಂತು. ಶಾಲೆಯಲ್ಲಿ ಉಳಿದು ಮಕ್ಕಳಿಗೆ ಪಾಠ ಹೇಳುವುದು, ಬಸ್ಸು ಬಂದರೆ ಬಸ್ಸು, ಬಾರದಿದ್ದರೆ ಕಾಲು. ಒಂದು ದಿನ ಮನೆ ಸೇರುವಾಗ ಪೂರ್ತಿ ಕತ್ತಲೆ. ಗಂಜಿ ಬೇಯಿಸಿ ಬಟ್ಟಲು ಇಡುವ ಹೊತ್ತಿಗೆ ಮಾವ ಚಾಪೆ ಹಾಸಿ ಮಲಗಿದ್ದರು. “ಮಾವ, ಊಟ ಆಯ್ತು” ಎಂದು ಕರೆದೆ. “ಹಸಿವು ಬಂದಿತ್ತು. ಕಾದು ಕಾದು ಹೋಯ್ತು” ಎಂದರು, ಗೋಡೆಯ ಕಡೆ ತಿರುಗಿಕೊಂಡು. ಬೈದಿದ್ದರೆ ಒಳ್ಳೆಯದಿತ್ತು.

ಅವತ್ತು ನಮ್ಮವರು ಪಾತ್ರೆ ಎತ್ತಿಕೊಡುವ ನೆಪದಲ್ಲಿ ಅಡುಗೆಮನೆಗೆ ಬಂದು ನಿಂತರು.

“ಅಪ್ಪ ಹೇಳುದು, ಈ ವರ್ಷದ ಪರೀಕ್ಷೆ ಮುಗಿದ ಮೇಲೆ ನೀನು ಶಾಲೆ ಬಿಟ್ರೆ ಹೇಗೆ ಅಂತ.”

“ನೀವು ಎಂತ ಹೇಳುದು?”

“ನಾನು ಎಂತ ಹೇಳುದು? ನೋಡುವ.”

ನಮ್ಮ ಕಡೆ ‘ನೋಡುವ’ ಎಂದರೆ ಮುಗಿಯಿತು ಎಂದು ಅರ್ಥ. ಹೆಣ್ಣು ಒಪ್ಪಿಗೆಯಾಗದಿದ್ದರೆ, ಸಾಲ ಕೊಡಲು ಮನಸ್ಸಿಲ್ಲದಿದ್ದರೆ, ನಾಟಕಕ್ಕೆ ಹೋಗುವುದು ಬೇಡವಾಗಿದ್ದರೆ ಜನ ಹೇಳುವುದು ಇದನ್ನೇ. ನಾನು ಮಸಿ ಹಿಡಿದ ಮಡಕೆಯನ್ನು ತಿಕ್ಕುತ್ತ ಕುಳಿತೆ. ಶಾಲೆ ಬಿಡಬೇಕೆಂಬ ದುಃಖಕ್ಕಿಂತ, ಬಿಟ್ಟರೆ ಮಧ್ಯಾಹ್ನವೂ ಸ್ವಲ್ಪ ಮಲಗಬಹುದಲ್ಲ ಎಂಬ ಆಸೆ ಒಂದು ಕ್ಷಣ ಬಂದು ಹೋಯಿತು. ಅದಕ್ಕೇ ನನಗೆ ಅಳು ಬಂದದ್ದು.

ಮರುದಿನ ಶಾಲೆಯಲ್ಲಿ ಸಿಸಿಲಿಯಾ ಟೀಚರು ನನ್ನ ಮುಖ ನೋಡಿ ಬಾಯಿ ಬಿಡಿಸಿದರು. ಅವರೂ ಪುತ್ತೂರಿನವರು. ಮೂರು ಮಕ್ಕಳ ತಾಯಿ, ಆದರೂ ಸೀರೆಯ ನೆರಿಗೆ ಸಂಜೆಯವರೆಗೆ ಕೆಡದ ಹೆಂಗಸು. ಅದರ ಗುಟ್ಟೇನೆಂದು ನಾನು ಬಹಳ ದಿನದಿಂದ ಯೋಚಿಸುತ್ತಿದ್ದೆ.

“ಅಯ್ಯೋ ದೇವ್ರೇ, ದಿನಾ ರಾತ್ರಿ ಒಲೆ ಯಾಕೆ ಉರಿಸುದು ನೀವು?” ಎಂದರು. “ಒಂದು ಬಾಣಲೆ, ಒಂದು ಸೀಮೆಣ್ಣೆ ಸ್ಟವ್ ಸಾಕು. ನನ್ನ ತಮ್ಮ ಬೊಂಬಾಯಿಯಿಂದ ಮ್ಯಾಕರೋನಿ ತಂದದ್ದು ಉಂಟು, ಕೊಡ್ತೇನೆ. ಹಬ್ಬಕ್ಕೆ ಹಂದಿಮಾಂಸ ಕರುಳಿನಲ್ಲಿ ತುಂಬಿಸಿ ಮಾಡಿದ ಸಾಸೇಜು ಸಹ ಉಂಟು. ನಿಮ್ಮಲ್ಲಿ ಹಂದಿ ಆಗ್ತದಲ್ಲ?”

“ಸಿಕ್ಕಿದರೆ ಬಿಡುವವರು ಯಾರೂ ಇಲ್ಲ” ಎಂದೆ.

“ಹಾಗಾದ್ರೆ ಮುಗೀತು. ಸಾಸೇಜು ಕತ್ತರಿಸಿ ಹಾಕಿ, ಅದರ ನೆಣವೇ ಎಣ್ಣೆ. ನೀರುಳ್ಳಿ, ಬೆಳ್ಳುಳ್ಳಿ, ಮನೆಯಲ್ಲಿ ಇದ್ದ ತರಕಾರಿ. ನೀರು ಹಾಕಿ, ಮ್ಯಾಕರೋನಿ ಸುರೀರಿ, ಮುಚ್ಚಿ. ನೀವು ಸೀರೆ ಬದ್ಲಿಸಿ ಬರುವಾಗ ಆಗಿರ್ತದೆ. ತೊಳೀಲಿಕ್ಕೂ ಒಂದೇ ಪಾತ್ರೆ!”

ಆ ಕೊನೆಯ ಮಾತು ನನಗೆ ವೇದವಾಕ್ಯದಂತೆ ಕೇಳಿಸಿತು. ಬುಧವಾರ ಸಂಜೆ ಕಾಗದದ ಎರಡು ಪೊಟ್ಟಣಗಳನ್ನು ಕೈಚೀಲದಲ್ಲಿ ಪಠ್ಯಪುಸ್ತಕಗಳ ಕೆಳಗಿಟ್ಟುಕೊಂಡು ಮನೆಗೆ ಬಂದೆ. ಬಸ್ಸಿನಲ್ಲಿ ಪಕ್ಕದವರು ಎರಡು ಸಲ ಮೂಗು ಅರಳಿಸಿ ಚೀಲವನ್ನು ನೋಡಿದರು. ನಾನು ವಿದ್ಯಾದಾನದ ಗಾಂಭೀರ್ಯದಿಂದ ಕಿಟಕಿಯ ಹೊರಗೆ ನೋಡಿದೆ.

ತರಕಾರಿಗೆ ನಮ್ಮಲ್ಲಿ ಕೊರತೆ ಇರಲಿಲ್ಲ. ಹಿತ್ತಿಲಲ್ಲಿ ಅತ್ತೆ ಮಾಡಿದ್ದ ಬೇಸಿಗೆಯ ಸಾಲು ಇತ್ತು. ಹೀರೆ, ಅಲಸಂಡೆ, ಬೆಂಡೆ, ಬೇಲಿಯ ಬದಿಯಲ್ಲಿ ನಾಲ್ಕು ಟೊಮೆಟೊ ಗಿಡ. ಅತ್ತೆ ಎಡಗೈಯಲ್ಲೇ ಒಂದು ಮಡಿಲು ತುಂಬ ಕೊಯ್ದು ತಂದಿದ್ದರು. ಕಾಫಿಗೆಂದು ಇಟ್ಟುಕೊಂಡಿದ್ದ ಸ್ಟವ್‌ಗೆ ಗಾಳಿ ಹೊಡೆದು ಬಾಣಲೆ ಇಟ್ಟೆ. ಸಾಸೇಜಿನ ತುಂಡುಗಳು ಬಿದ್ದದ್ದೇ ಮೆಣಸು, ವಿನೆಗರ್, ಕೊಬ್ಬು ಎಲ್ಲ ಸೇರಿದ ಪರಿಮಳ ಎದ್ದು ಜಗಲಿಗೆ ಹೋಯಿತು. ಜಗಲಿಯಿಂದ ಮಾವ ಒಳಗೆ ಬಂದರು.

“ಇದು ಎಂತದು? ಹಂದಿಗೆ ಅಂಗಿ ಹೊಲಿಸಿದ್ದಾ?”

“ಸಾಸೇಜು ಮಾವ. ಸಿಸಿಲಿಯಾ ಟೀಚರು ಕೊಟ್ಟದ್ದು.”

“ಈ ಬಿಳಿ ಕೊಳವೆ?”

“ಮ್ಯಾಕರೋನಿ.”

“ಮಕರಾಣಿಯಾ? ಯಾವ ಊರಿನ ರಾಣಿ?” ಎಂದು ಅವರು ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿದರು. “ತೂತು ಯಾಕೆ ಇದಕ್ಕೆ?”

“ರಸ ಒಳಗೆ ಹೋಗ್ಲಿಕ್ಕೆ” ಎಂದರು ನಮ್ಮವರು, ಜೀವಮಾನವಿಡೀ ಅದನ್ನೇ ತಿಂದು ಬೆಳೆದವರ ಹಾಗೆ.

ಸಿಸಿಲಿಯಾ ಟೀಚರು ಹೇಳಿದ್ದು ಸುಳ್ಳಾಗಲಿಲ್ಲ. ನಾನು ಸೀರೆ ಬದಲಿಸಿ, ಮುಖ ತೊಳೆದು ಬರುವಾಗ ಬಾಣಲೆಯಲ್ಲಿ ಎಲ್ಲ ಒಂದಾಗಿತ್ತು. ಟೊಮೆಟೊ ಕರಗಿತ್ತು, ಹೀರೆ ಮೆತ್ತಗಾಗಿತ್ತು, ಅಲಸಂಡೆ ಮಾತ್ರ ಸ್ವಲ್ಪ ಹಲ್ಲಿಗೆ ಸಿಗುವ ಹಾಗೆ ಉಳಿದಿತ್ತು. ಮೂವರನ್ನೂ ಮಣೆ ಹಾಕಿ ಕೂರಿಸಿ ಬಡಿಸಿದೆ. ಅತ್ತೆ ಎಡಗೈಯಲ್ಲಿ ಚಮಚ ಹಿಡಿದು, “ಖಾರ ಸರಿ ಉಂಟು” ಎಂದರು. ನಮ್ಮವರು ಬಟ್ಟಲಿನಿಂದ ತಲೆ ಎತ್ತಲಿಲ್ಲ, ಅದು ಅವರ ಹೊಗಳಿಕೆ. ಮಾವ ಮೊದಲು ಸಾಸೇಜಿನ ತುಂಡುಗಳನ್ನು ಆರಿಸಿ ತಿಂದರು, ಆಮೇಲೆ ರಾಣಿಯನ್ನು ಒಂದೊಂದಾಗಿ ಪರೀಕ್ಷಿಸಿದರು, ಆಮೇಲೆ ಪರೀಕ್ಷೆ ಬಿಟ್ಟು ತಿನ್ನತೊಡಗಿದರು. ಎರಡನೆಯ ಸಲ ಬಟ್ಟಲು ಮುಂದೆ ಚಾಚಿದರು. ಮೂರನೆಯ ಸಲ ಚಾಚಿದಾಗ ನಾನು ನನ್ನ ಪಾಲನ್ನೂ ಕೆರೆದು ಹಾಕಿದೆ. ಹೊಟ್ಟೆ ಹಸಿದಿತ್ತು, ಆದರೆ ಗೆದ್ದ ಸಂಭ್ರಮದಲ್ಲಿ ಅದು ಗಮನಕ್ಕೆ ಬರಲಿಲ್ಲ. ಇನ್ನೂ ಜನ ದೀಪ ಹಚ್ಚುವ ಹೊತ್ತು. ನಮ್ಮಲ್ಲಿ ಊಟವೇ ಮುಗಿದಿದೆ! ಒಂದು ಬಾಣಲೆ ತೊಳೆದು ಮಲಗಿದರೆ ಬೆಳಗಿನವರೆಗೆ ನಾನೇ ಮಹಾರಾಣಿ.

ಅತ್ತೆ ಎದ್ದರು. ನಮ್ಮವರು ಎದ್ದರು. ಮಾವ ಏಳಲಿಲ್ಲ. ಖಾಲಿ ಬಟ್ಟಲಿನ ಮುಂದೆ ಪ್ರಸನ್ನರಾಗಿ ಕುಳಿತಿದ್ದರು.

“ನೀರು ಬೇಕಾ ಮಾವ?”

“ಬೇಡ. ತಿಂಡಿ ಭಾರೀ ಒಳ್ಳೆದಿತ್ತು” ಎಂದರು. “ಇನ್ನು ಊಟ ಹಾಕು.”

ನನಗೆ ಮೊದಲು ತಮಾಷೆ ಎನ್ನಿಸಿತು. “ಊಟ ಆಯ್ತಲ್ಲ ಮಾವ, ಇದೇ ಊಟ.”

“ಇದಾ?” ಅವರ ಮುಖದಲ್ಲಿ ಕೋಪ ಇರಲಿಲ್ಲ, ಮೋಸಹೋದ ಮಗುವಿನ ಗಾಬರಿ ಇತ್ತು. “ಅನ್ನ ಇಲ್ದೆ ಊಟ ಹೇಗೆ ಆಗ್ತದೆ? ನಾಳೆ ಯಾರಾದ್ರೂ ಊಟ ಆಯ್ತಾ ಅಂತ ಕೇಳಿದ್ರೆ ನಾನು ಎಂತ ಹೇಳುದು?”

ತುಳುವಿನಲ್ಲಿ ‘ಒಣಸ್ ಆಂಡಾ’ ಎಂದರೂ, ಕನ್ನಡದಲ್ಲಿ ‘ಊಟ ಆಯ್ತಾ’ ಎಂದರೂ, ನಮ್ಮ ಕಡೆ ಕೇಳುವುದು ಅನ್ನದ ಸುದ್ದಿಯನ್ನೇ. ಎದುರು ವಾದಿಸುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಎದ್ದು ಹೋಗಿ ಒಲೆಗೆ ಬೆಂಕಿ ಮಾಡಿದೆ. ಎಸರಿಟ್ಟು, ಅಕ್ಕಿ ತೊಳೆದು ಹಾಕಿ, ಗೋಡೆಗೆ ಒರಗಿ ಕುಳಿತೆ. ಬೇಗ ಆಗುವ ಅಡುಗೆಯನ್ನು ಕಲಿತ ಫಲವಾಗಿ ಈಗ ತೊಳೆಯಲು ಎರಡು ಪಾತ್ರೆ. ಅಷ್ಟು ಯೋಚಿಸಿದ್ದು ನೆನಪಿದೆ. ಆಮೇಲೆ ನಿದ್ದೆ ಬಂದಿರಬೇಕು.

ಎಚ್ಚರವಾದದ್ದು ಕೆಮ್ಮು ಕೇಳಿ. ಒಲೆಯ ಮುಂದೆ ಮಾವ ಕುಕ್ಕರಗಾಲಿನಲ್ಲಿ ಕುಳಿತು ಊದುಗೊಳವೆ ಊದುತ್ತಿದ್ದರು. ಮೀಸೆಯ ಮೇಲೆ ಬೂದಿ. ಅತ್ತೆ ಹೊಸ್ತಿಲಲ್ಲಿ, ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟು ಕುಳಿತಿದ್ದರು. ಗಾಬರಿಯಿಂದ ಏಳಬೇಕಿತ್ತು; ಕಣ್ಣು ಪುನಃ ಮುಚ್ಚಿಕೊಂಡೆ.

“ಇನ್ನೂ ಬೇಯ್ಲಿಲ್ವಾ ಇದು?” ಮಾವನ ಸ್ವರ.

“ಈಗಷ್ಟೇ ಕುದಿ ಬಂದದ್ದು. ಗೆರಟೆ ಇಡಿ.”

“ನೀನು ಬೇಯಿಸುವಾಗ ಇಷ್ಟು ಹೊತ್ತು ಆಗ್ತಿರ್ಲಿಲ್ಲ.”

“ಆಗ್ತಿತ್ತು. ನೀವು ಜಗಲಿಯಲ್ಲಿ ಇರ್ತಿದ್ರಿ.”

ಒಲೆಗೆ ಗೆರಟೆ ತಳ್ಳಿದ ಸದ್ದಾಯಿತು. ಆಮೇಲೆ ಮಾವ ಮೆಲ್ಲಗೆ ಕೇಳಿದರು, “ಅಷ್ಟು ಹೊತ್ತು ನೀನು ಇಲ್ಲಿ ಎಂತ ಮಾಡ್ತಿದ್ದೆ?”

“ಎಂತ ಮಾಡುದು? ಬೆಂಕಿ ನೋಡ್ತಿದ್ದೆ” ಎಂದರು ಅತ್ತೆ.

ಅದರ ಮೇಲೆ ಮಾವ ಬಹಳ ಹೊತ್ತು ಊದಿದರು. ಅನ್ನ ಬೆಂದಾಗ ನನ್ನ ಮುಂದೆ ಬಟ್ಟಲು ಇಟ್ಟ ಸದ್ದಾಯಿತು. “ಏಳು ಮಗ” ಎಂದರು. “ಆ ರಾಣಿಯಲ್ಲಿ ನಿನಗೆ ಒಂದು ತುಂಡಾದ್ರೂ ಸಿಕ್ಕಿತಾ?”

“ಇಲ್ಲ ಮಾವ.”

“ಹಾಗಾದ್ರೆ ಊಟ ಮಾಡು.” ಗಂಜಿ ನೀರು ಹೆಚ್ಚಾಗಿತ್ತು, ಅಗುಳು ಕೆಲವು ಒಡೆದಿದ್ದವು, ಕೆಲವು ಗಟ್ಟಿ. ಮಿಡಿ ಉಪ್ಪಿನಕಾಯಿಯ ಜೊತೆ ಅದನ್ನು ತಿಂದಂತೆ ನಾನು ಬೇರೆ ಏನನ್ನೂ ತಿಂದದ್ದಿಲ್ಲ. ಮಾವ ತಾವು ಒಂದು ಸೌಟು ಮಾತ್ರ ಹಾಕಿಕೊಂಡರು, ಮರುದಿನ ಕೇಳುವವರಿಗೆ ಉತ್ತರ ಇರಲಿ ಎಂದು.

ಗುರುವಾರ ಸಂಜೆ ನಾನು ಬರುವಾಗ ಅನ್ನ ಆಗಿತ್ತು. ಶುಕ್ರವಾರವೂ. ಮಾವ ಪೇಟೆ ನೋಡುವುದನ್ನು ಬಿಟ್ಟು ಬೆಂಕಿ ನೋಡತೊಡಗಿದ್ದರು. ನಾನು ಸ್ಟವ್ ಹಚ್ಚಿ ಒಂದು ಪಲ್ಯವೋ ಸಾರೋ ಮಾಡಿದರೆ ಮುಗಿಯುತ್ತಿತ್ತು. ಪರೀಕ್ಷೆಗಳು ಮುಗಿದ ದಿನ ನಮ್ಮವರು, ‘ನೋಡುವ’ ಎಂದದ್ದನ್ನು ನೋಡಲೇಬೇಕೆಂದುಕೊಂಡು, “ಅಪ್ಪಾ, ದೇವಕಿ ಶಾಲೆ ಬಿಡುವ ವಿಷಯ...” ಎಂದು ಆರಂಭಿಸಿದರು.

“ಬಿಟ್ಟು ಇಲ್ಲಿ ಎಂತ ಮಾಡುದು ಅವಳು?” ಎಂದರು ಮಾವ. “ಅನ್ನ ನಾನು ಮಾಡ್ತೇನಲ್ಲ.”

ಕೆಲಸ ಉಳಿಯಿತು. ಕುಣಿದಾಡಬೇಕಿತ್ತು. ಆದರೆ ಆ ಮಾತಿನಲ್ಲಿ ಏನೋ ಒಂದು ಸಣ್ಣ ಮುಳ್ಳು ಇದ್ದಂತೆ ತೋರಿತು. ಬೇಸಿಗೆ ರಜೆ ಆರಂಭವಾದ ಮೇಲೆ ಅದು ಚುಚ್ಚತೊಡಗಿತು. ಮನೆಯಲ್ಲೇ ಇದ್ದೇನಲ್ಲ ಎಂದು ಮೊದಲ ದಿನವೇ ಮಡಕೆಗೆ ಕೈ ಹಾಕಿದೆ. ಮಾವ ನನ್ನ ಕೈಯಿಂದ ಸೌಟು ತೆಗೆದುಕೊಂಡರು.

“ನಿನಗೆ ಬೇಗ ಮಾಡಿ ಅಭ್ಯಾಸ ಮಗ. ಇದು ಅವಸರದವ್ರಿಂದ ಆಗುದಿಲ್ಲ. ನೀನು ಹೋಗಿ ಮಲಗು.”

ಮಲಗು! ನಾನು ಬಸ್ಸಿನಲ್ಲಿ, ಗದ್ದೆಯ ಬದುವಿನಲ್ಲಿ, ಹಾಜರಿ ಕರೆಯುವಾಗ ಕನಸು ಕಂಡ ಶಬ್ದ. ಹೋಗಿ ಮಲಗಿದೆ, ನಿದ್ದೆ ಬರಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಮಾವನಿಗೆ, “ಈಗ ನಿಮ್ಮ ಅನ್ನ ನನ್ನದಕ್ಕಿಂತ ಚಂದ, ಹೂವಿನ ಹಾಗೆ ಆಗ್ತದೆ” ಎನ್ನುತ್ತಿದ್ದರು. ನನ್ನ ಅನ್ನದ ಪ್ರಸ್ತಾಪವೇ ಇಲ್ಲ. ಸಂಜೆ ನಮ್ಮವರು ಬಂದದ್ದೇ ದೂರು ಹೇಳಿದೆ: ನಾನು ಈ ಮನೆಯ ಸೊಸೆಯೋ ನೆಂಟಳೋ, ಒಂದು ಮಡಕೆ ಮುಟ್ಟುವ ಹಕ್ಕಿಲ್ಲವೇ ಇತ್ಯಾದಿ. ಅವರು ಅಂಗಿಯ ಗುಂಡಿ ಬಿಚ್ಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ನಿನಗೆ ಎಂತ ಬೇಕು ಮಾರಾಯ್ತಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಚ್ಚಲಿಗೆ ಹೋದರು.

ಮರುದಿನ ಮಾವ ಕ್ಷೌರಕ್ಕೆಂದು ಪೇಟೆಗೆ ಹೋದ ಹೊತ್ತು ನೋಡಿ ನಾನು ಎಸರಿಟ್ಟುಬಿಟ್ಟೆ. ಏಪ್ರಿಲ್ ತಿಂಗಳ ಸೆಕೆ, ಹಸಿ ಸೌದೆ, ಅಡುಗೆಮನೆ ತುಂಬ ಹೊಗೆ. ಅವರು ತಿರುಗಿ ಬಂದು ಬಾಗಿಲಲ್ಲಿ ನಿಂತಾಗ ನಾನು ಕಣ್ಣೀರು ಸುರಿಸುತ್ತ, ಕೆಮ್ಮುತ್ತ, ಊದುಗೊಳವೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಯುದ್ಧ ಗೆದ್ದವಳ ಹಾಗೆ ಕುಳಿತಿದ್ದೆ.