ನಮ್ಮ ಚಾಳಿನ ಹೆಂಗಸರೂ ದಾರೂಬಂದಿಯ ಓಟೂ

ಊರಿಗೆಲ್ಲ ರಾಜಕೀಯ ಹೇಳಬಹುದು, ಕಟ್ಟಿಕೊಂಡವಳಿಗೆ ಮಾತ್ರ ಹೇಳಬಾರದು. ಹೇಳಿದರೆ ಅವಳು ನಿಜವಾಗಿಯೂ ವಿಚಾರ ಮಾಡಲು ಶುರು ಮಾಡುತ್ತಾಳೆ. ಆಮೇಲೆ ಅನುಭವಿಸುವವರು ನಾವು. ದಾಂಡೇಲಿಯ ಕಾಗದದ ಕಾರಖಾನೆಯಲ್ಲಿ ನಾನು ಗುಮಾಸ್ತನಾಗಿದ್ದೆ. ಗೋವಾ ನಮ್ಮದಾದ ಹೊಸತರಲ್ಲಿ ಚುನಾವಣೆ ಬಂತು. ಕಾರ್ಮಿಕರ ಸಾಲುಮನೆಗಳಾದ ನಮ್ಮ ಚಾಳಿನ ಪ್ರಚಾರಕ್ಕೆಲ್ಲ ನಾನೇ ಮುಖ್ಯಸ್ಥ. ಯಾರೂ ನೇಮಿಸಿದ್ದಲ್ಲ, ಪಕ್ಷದ ಬಾವುಟಗಳನ್ನು ಇಡಲು ನಮ್ಮ ಮನೆಯಲ್ಲಿ ಒಂದು ಮೂಲೆ ಖಾಲಿ ಇತ್ತು, ಅಷ್ಟೇ.

ಗಂಡಸರ ಓಟು ಪಗಾರದ ಮಾತಿಗೆ ಬೀಳುತ್ತದೆ. ಹೆಂಗಸರ ಓಟಿಗೆ ಏನು ಮಾಡುವುದು? ನಾನು ತಲೆ ಓಡಿಸಿದೆ. ಕುಡುಕ ಗಂಡ ಯಾವ ಹೆಂಗಸಿಗೆ ಬೇಕು? ಹೆಂಡ ಸಾರಾಯಿ ನಿಷೇಧಿಸುವ ದಾರೂಬಂದಿ ಕಾಯಿದೆ ಹೇಗೂ ಇತ್ತು; ಅದನ್ನು ಇನ್ನಷ್ಟು ಬಿಗಿ ಮಾಡುತ್ತೇವೆ ಎಂದರೆ ಚಾಳಿಗೆ ಚಾಳೇ ನಮ್ಮದು! ನಮ್ಮ ಉಮೇದುವಾರರು ಹಳಿಯಾಳದ ವಕೀಲರು. ಕೇಳಿದವರೇ ನನ್ನ ಬೆನ್ನು ತಟ್ಟಿದರು. ನನ್ನ ಹೆಂಡತಿ ಪಾರ್ವತಿ ಮಾತ್ರ, "ಬಾಜೂ ಮನಿ ಯಲ್ಲವ್ವನ್ನ ಒಂದ್ ಮಾತು ಕೇಳ್ರಿ ಮದಲ," ಎಂದಳು. ಪಕ್ಷದ ಧೋರಣೆಯ ಪ್ರಶ್ನೆಗಳನ್ನು ಯಲ್ಲವ್ವನಿಗೆ ಕೇಳುವುದುಂಟೇ? ನಾನು ಕೇಳಲಿಲ್ಲ.

ಭಾನುವಾರ ನಮ್ಮ ಕಟ್ಟೆಯ ಮೇಲೆ ವಕೀಲರು ನಿಂತರು. ಪಕ್ಕದಲ್ಲಿ ಬಾವುಟ ಹಿಡಿದ ಬಾಳಪ್ಪ, ನಮ್ಮ ಪಕ್ಷದ ಬಲಗೈ ಬಂಟ. ಹೆಂಗಸರೆಲ್ಲ ಸೆರಗು ಹೊದ್ದು ಕೂತಿದ್ದರು. ವಕೀಲರು ಮದ್ಯದ ಅನಾಹುತಗಳನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿ, "ಈ ಊರಾಗ ಒಂದು ಹನಿ ಸೆರೆ ಸಿಗಧಂಗ ಮಾಡ್ತೀವಿ!" ಎಂದರು. ನಾನು ಚಪ್ಪಾಳೆ ತಟ್ಟಿದೆ. ಬಾಳಪ್ಪ ನನಗಿಂತ ಜೋರಾಗಿ ತಟ್ಟಿದ.

ಯಲ್ಲವ್ವ ಎದ್ದು ನಿಂತಳು. "ಸಾಹೇಬ್ರ, ಸೆರೆ ಬಂದ್ ಐತಿ ಅಂತೀರಿ. ಹಂಗಾರ ನನ್ನ ಗಂಡ ದಿನಾ ಏನು ಕುಡದು ಬರ್ತಾನ್ರಿ?"

"ಅದು ಕಳ್ಳಭಟ್ಟಿ, ತಾಯಿ. ಗೋವಾ ಗಡಿಯ ಕ್ಯಾಸಲ್‌ರಾಕ್ ಕಡೆಯಿಂದ..."

"ಎಲ್ಲಿಂದ ಬರ್ತೈತಿ ಅಂತ ನನಗ ಗೊತ್ತೈತ್ರಿ. ಹ್ವಾದ ತಿಂಗಳ ಅದನ್ನ ಕುಡದು ಎರಡು ದಿನ ಕಣ್ಣ ಕಾಣಲಿಲ್ಲ ಅವಂಗ. ಗ್ವಾಡಿ ಹಿಡಕೊಂಡು ಅಡ್ಡಾಡಿದಾ. ತಂದು ಕೊಟ್ಟಾಂವ ಯಾರು ಅಂತ ಕೇಳ್ರಲಾ!"

ವಕೀಲರು ಕೇಳಲೇಬೇಕಾಯಿತು. ಯಲ್ಲವ್ವ ಕೈ ಎತ್ತಿ ಅವರ ಪಕ್ಕಕ್ಕೇ ತೋರಿಸಿದಳು. ಬಾಳಪ್ಪ ಬಾವುಟದ ಮರೆಗೆ ಸರಿದ. ಅಷ್ಟು ದೊಡ್ಡ ಮನುಷ್ಯನನ್ನು ಮರೆಮಾಡುವಷ್ಟು ಬಟ್ಟೆ ನಮ್ಮ ಪಕ್ಷದ ಹತ್ತಿರ ಇರಲಿಲ್ಲ. ವಕೀಲರಿಗೆ ತಟ್ಟನೆ ಮುಂಡಗೋಡದಲ್ಲಿ ಇನ್ನೊಂದು ಸಭೆ ಇರುವುದು ನೆನಪಾಯಿತು. ಅವರ ಜೀಪು ಹೊರಟೇಹೋಯಿತು.

ಆಮೇಲೆ ನನ್ನ ಪಾಡು ಕೇಳಬೇಡಿ. ರಾತ್ರಿ ಊಟಕ್ಕೆ ಕೂತರೆ ಪಾರ್ವತಿ, "ಬಾಳಪ್ಪನ್ನ ಬಿಡ್ತೀರೋ ಇಲ್ಲೋ?" ಎಂದಳು. ನಾನು ಪಕ್ಷ, ತತ್ವ, ಶಿಸ್ತು ಎಂದೆಲ್ಲ ಬಡಬಡಿಸಿದೆ. "ಯಲ್ಲವ್ವನ ಮನ್ಯಾಗ ಮಕ್ಕಳು ಹೆದರಿ ಚೀರತಾವು. ಅದು ನಿಮ್ಮ ತತ್ವದಾಗ ಬರೂದಿಲ್ಲೇನು?" ಎಂದು ಅವಳು ರೊಟ್ಟಿಯ ಬುಟ್ಟಿಯನ್ನು ತನ್ನ ಕಡೆಗೇ ಎಳೆದುಕೊಂಡಳು. ಮರುದಿನ ವಕೀಲರಲ್ಲಿಗೆ ಹೋಗಿ, ಬಾಳಪ್ಪನನ್ನು ಬಿಡೋಣ ಎಂದೆ. "ಅವನ ಕೈಯಾಗ ಭಾಳ ಓಟು ಅದಾವು, ಸುಮ್ಮನಿರ್ರಿ," ಎಂದರು. ಎದುರು ಪಕ್ಷದ ಉಮೇದುವಾರರು ಒಬ್ಬ ಮುದುಕರು, ನಮ್ಮ ಚಾಳಿಗೆ ಒಮ್ಮೆ ಬಂದರು. ಭಾಷಣ ಮಾಡಲಿಲ್ಲ. ಯಲ್ಲವ್ವನ ಕಟ್ಟೆಯ ಮೇಲೆ ಕೂತು ಅವಳ ಗಂಡನ ಕಣ್ಣು ಹೇಗಿದೆ ಎಂದು ವಿಚಾರಿಸಿ, ಪೊಲೀಸ್ ಫೌಜದಾರರ ಹತ್ತಿರ ಮಾತಾಡುತ್ತೇನೆ ಎಂದು ಹೇಳಿ ಹೋದರು. ಅಷ್ಟಕ್ಕೇ ಚಾಳಿನ ಹೆಂಗಸರೆಲ್ಲ ಆ ಕಡೆ!

ಓಟಿನ ದಿನ ಅವರು ಗುಂಪಾಗಿ, ಜಾತ್ರೆಗೆ ಹೊರಟವರಂತೆ ಹೋದರು. ಹಿಂದೆ ನಾನೊಬ್ಬನೇ, ಅಂಗಿಗೆ ನಮ್ಮ ಪಕ್ಷದ ಬಿಲ್ಲೆ ಸಿಕ್ಕಿಸಿಕೊಂಡು. ಕೊನೆಗೆ ನಮ್ಮ ವಕೀಲರು ಸೋತರು. ಬಾಳಪ್ಪ ಊರು ಬಿಟ್ಟ. ಯಲ್ಲವ್ವನ ಗಂಡ ಕುಡಿಯುವುದನ್ನು ಪೂರ್ತಿ ಬಿಡಲಿಲ್ಲ, ಆದರೆ ಸೆರೆ ಸಿಗುವುದು ಕಷ್ಟವಾಯಿತು.

"ಪಾಪ, ನಿಮ್ಮ ಓಟು ನೀರಾಗ ಹೋತು ನೋಡ್ರಿ," ಎಂದು ಪಾರ್ವತಿ ಇಂದಿಗೂ ಮರುಗುತ್ತಾಳೆ. ನಾನು ಮುಖ ಸಣ್ಣದು ಮಾಡಿಕೊಂಡು ತಲೆಯಾಡಿಸುತ್ತೇನೆ. ಅಂದು ಪರದೆಯ ಹಿಂದೆ, ಬಿಲ್ಲೆಯ ಮೇಲೆ ಅಂಗೈ ಮುಚ್ಚಿಕೊಂಡು ನಾನೂ ಆ ಮುದುಕರಿಗೇ ಮುದ್ರೆ ಒತ್ತಿ ಬಂದೆ ಎಂದು ಇವಳಿಗೆ ಹೇಗೆ ಹೇಳಲಿ? ಹೇಳಿದರೆ ಮುಂದಿನ ಚುನಾವಣೆಗೆ ನಮ್ಮ ಮನೆಯ ಮುಖ್ಯಸ್ಥೆ ಅವಳೇ ಆಗುತ್ತಾಳೆ. ಈಗಲೂ ಅವಳೇ, ಆದರೆ ಅದು ಅವಳಿಗಿನ್ನೂ ಗೊತ್ತಿಲ್ಲ ಎಂದು ನಾನು ನಂಬಿದ್ದೇನೆ.